ಬೆನ್ನೆಲುಬಿನ ಮೂಲ ಬರಹ



ರೋಗಿಯೊಬ್ಬರಿಗೆ ಪೆನಿಸಿಲಿನ್ ಒಗ್ಗದೆಂಬುದು ಲೀಡ್ಸಿನ ಅವರ ಕುಟುಂಬ ವೈದ್ಯರಿಗೆ ತಿಳಿದಿದ್ದರೆ ಸಾಲದು. ನಡುರಾತ್ರಿ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಗೆ ಅವರನ್ನು ಕರೆತಂದಾಗ ಅಲ್ಲಿನ ವೈದ್ಯರಾದ ನಮಗೂ ತಿಳಿಯಬೇಕು. ಇಂಗ್ಲೆಂಡಿನಲ್ಲಿ ಇಂಥ ಮಾಹಿತಿಯನ್ನು ಒದಗಿಸುವ ಎನ್.ಎಚ್.ಎಸ್. ವ್ಯವಸ್ಥೆಗೆ 'ಸ್ಪೈನ್', ಅಂದರೆ ಬೆನ್ನೆಲುಬು, ಎಂದೇ ಹೆಸರು. 2014ರ ಆಗಸ್ಟಿನಲ್ಲಿ ಲೀಡ್ಸಿನ ಸರಕಾರಿ ಆರೋಗ್ಯ ಮಾಹಿತಿ ಕೇಂದ್ರವು ಅದನ್ನು ಹೊಸದಾಗಿ ಕಟ್ಟಿ, ದಾಖಲೆಗಳನ್ನು 'ರಿಯಾಕ್' ಎಂಬ ಮುಕ್ತ ಡೇಟಾಬೇಸಿಗೆ ವರ್ಗಾಯಿಸಿತು.

ರಿಯಾಕ್ ಒಂದೇ ಯಂತ್ರವನ್ನು ನೆಚ್ಚುವುದಿಲ್ಲ. ಸಾಮಾನ್ಯವಾಗಿ ಪ್ರತಿಯೊಂದು ದಾಖಲೆಯ ಮೂರು ಪ್ರತಿಗಳನ್ನು ಅದು ಯಂತ್ರಗಳ ಗುಂಪಿನಲ್ಲಿ ಹಂಚಿಡುತ್ತದೆ. ಒಂದು ಯಂತ್ರ ಕೆಟ್ಟರೆ ಉಳಿದವು ಉತ್ತರಿಸುತ್ತವೆ. ಆದರೆ 2017ರಲ್ಲಿ ಕೆಟ್ಟದ್ದು ಯಂತ್ರವಲ್ಲ. ರಿಯಾಕನ್ನು ನಿರ್ಮಿಸಿದ ಬಾಷೊ ಎಂಬ ಅಮೆರಿಕನ್ ಕಂಪನಿಯೇ ಮುಚ್ಚಿತು.

ಅಂಗಡಿಯ ಸಾರಿನ ಪುಡಿಯನ್ನೇ ನೆಚ್ಚಿದ ಮನೆಯಲ್ಲಿ ಅಂಗಡಿ ಮುಚ್ಚಿದೊಡನೆ ಸಾರೂ ನಿಲ್ಲುತ್ತದೆ. ಅಳತೆ ಬಲ್ಲವರ ಮನೆಯಲ್ಲಿ ನಿಲ್ಲದು. ತಂತ್ರಾಂಶದ ಅಳತೆಯೇ ಅದರ ಮೂಲ ಬರಹ, ಅಂದರೆ ಸೋರ್ಸ್ ಕೋಡ್. ರಿಯಾಕಿನ ಬಹುಭಾಗ ಮೊದಲೇ ಮುಕ್ತವಾಗಿತ್ತು. ಆದರೆ ದೂರದ ಎರಡು ಕೇಂದ್ರಗಳ ನಡುವೆ ಪ್ರತಿಗಳನ್ನು ಸಾಗಿಸುವ ಭಾಗ ಹಣ ತೆತ್ತವರಿಗೆ ಮೀಸಲಾಗಿತ್ತು. ಸ್ವತಃ ರಿಯಾಕ್ ಬಳಸುತ್ತಿದ್ದ ಸ್ಟೋಕ್-ಆನ್-ಟ್ರೆಂಟಿನ ಬೆಟ್365 ಸಂಸ್ಥೆಯು ಅದೇ ವರ್ಷ ಬಾಷೊವಿನ ಸ್ವತ್ತನ್ನು ಕೊಂಡು, ಆ ಭಾಗವನ್ನೂ ಸರ್ವರಿಗೂ ತೆರೆದಿಟ್ಟಿತು. ಪಂದ್ಯ ಕಟ್ಟಿಸುವ ಸಂಸ್ಥೆಯಿಂದ ರೋಗಿಗಳಿಗೆ ಉಪಕಾರವಾದದ್ದು ವಿಧಿಯ ವಿನೋದವೇ ಸರಿ! ಲೀಡ್ಸಿನ ತಂತ್ರಜ್ಞರೂ ಮುಂದಿನ ಆವೃತ್ತಿಗಳ ರಚನೆಯಲ್ಲಿ ಕೈಜೋಡಿಸಿದರು.

ಇನ್ನು, ಮೂಲ ಬರಹದಿಂದ ಇದನ್ನು ಕಟ್ಟುವ ಬಗೆ. ರಿಯಾಕಿನ ಹೆಚ್ಚಿನ ಭಾಗವು ಎರ್ಲಾಂಗ್ ಭಾಷೆಯಲ್ಲಿದೆ. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ, ದೂರವಾಣಿ ವಿನಿಮಯ ಕೇಂದ್ರಗಳು ಎಡೆಬಿಡದೆ ನಡೆಯಲೆಂದು ರೂಪುಗೊಂಡ ಭಾಷೆಯಿದು. ಮೊದಲು ಎರ್ಲಾಂಗಿನ ಹೊಂದುವ ಆವೃತ್ತಿಯನ್ನೂ ಸಿ ಭಾಷೆಯ ಕಂಪೈಲರನ್ನೂ ಅಳವಡಿಸಬೇಕು. ಆವೃತ್ತಿ ತಪ್ಪಿದರೆ, ಗುಂಪು ಹೊಂದದ ರಕ್ತದಂತೆ, ಕೆಲಸ ಕೆಡುತ್ತದೆ. ಬಳಿಕ ಮೂಲ ಬರಹದ ಕಡತಕೋಶದಲ್ಲಿ 'ಮೇಕ್ ರೆಲ್' ಎಂದು ಆಜ್ಞಾಪಿಸಿದರೆ ನಡೆಸಲು ಸಿದ್ಧವಾದ ರೂಪ ದೊರೆಯುತ್ತದೆ. ಏಕಕಾಲಕ್ಕೆ ತೆರೆಯಬಹುದಾದ ಕಡತಗಳ ಮಿತಿಯನ್ನು ಏರಿಸಿ 'ರಿಯಾಕ್ ಸ್ಟಾರ್ಟ್' ಎನ್ನಬೇಕು. ಆಮೇಲೆ 'ರಿಯಾಕ್ ಪಿಂಗ್' ಎಂದು ಕೇಳಬೇಕು. 'ಪಾಂಗ್' ಎಂಬ ಉತ್ತರ ಬಂದರೆ ನಾಡಿ ಮಿಡಿಯುತ್ತಿದೆ ಎಂದರ್ಥ.

ನಾಡಿ ಮಿಡಿದ ಮಾತ್ರಕ್ಕೆ ಆರೋಗ್ಯ ಸಿದ್ಧಿಸಿತೆನ್ನಲಾಗದು. 'ಮೇಕ್ ಡೆವ್‌ರೆಲ್' ಎಂಬ ಆಜ್ಞೆಯಿಂದ ಒಂದೇ ಗಣಕದಲ್ಲಿ ಹಲವು ರಿಯಾಕ್‌ಗಳನ್ನು ಅಭ್ಯಾಸಕ್ಕಾಗಿ ಕಟ್ಟಬಹುದು. ಅವನ್ನು ಗುಂಪಾಗಿ ಸೇರಿಸಿ, ಕಲ್ಪಿತ ದಾಖಲೆಗಳನ್ನಿಟ್ಟು, ಬೇಕೆಂದೇ ಒಂದನ್ನು ನಿಲ್ಲಿಸಿ ನೋಡಬೇಕು. ಆಗಲೂ ದಾಖಲೆ ಸಿಕ್ಕರೆ ಮಾತ್ರ ನೆಚ್ಚಬಹುದು.

ಮೂಲ ಬರಹ ತೆರೆದಿದ್ದರೆ ಸಾಲದು. ಅದನ್ನು ಓದಿ, ಕಟ್ಟಿ, ನಡೆಸಬಲ್ಲ ಕೆಲವರಾದರೂ ಸಂಸ್ಥೆಯೊಳಗೆ ಇರಬೇಕು. ಪುಸ್ತಕದಲ್ಲಿ ಶಸ್ತ್ರಕ್ರಿಯೆಯ ವಿವರವಿದ್ದರೂ ಕೈ ಪಳಗಿದವರಿಲ್ಲದೆ ರೋಗಿ ಉಳಿಯುವನೆ? ಕಂಪನಿ ಮುಳುಗಿದಾಗ ರಿಯಾಕ್ ಉಳಿದದ್ದು ಅಂಥ ಪಳಗಿದ ಕೈಗಳಿಂದ.