ಹೋಮ್ಸನ ಕರ್ತೃವಿಗೂ ಒಡೆಯದ ಒಗಟು

ಷರ್ಲಾಕ್ ಹೋಮ್ಸನ ಕಥೆಗಳನ್ನು ನಾವೆಲ್ಲ ಓದಿದ್ದೇವೆ. ಅವನ ಕರ್ತೃ ಕಾನನ್ ಡಾಯ್ಲ್ ತಾವೇ ಒಂದು ನಿಜವಾದ ಕೊಲೆಯ ಪತ್ತೆಗೆ ತೊಡಗಿದ್ದರು.

ಗ್ಲಾಸ್ಗೋ ನಗರ, ೧೯೦೮ರ ಡಿಸೆಂಬರ್ ೨೧ರ ರಾತ್ರಿ. ಎಂಬತ್ತು ದಾಟಿದ ಮಿಸ್ ಮೇರಿಯನ್ ಗಿಲ್‌ಕ್ರಿಸ್ಟ್ ಅವರ ಕೆಲಸದಾಕೆ ಪತ್ರಿಕೆ ತರಲು ಹೋಗಿದ್ದಳು. ಹತ್ತೇ ನಿಮಿಷ! ಹಿಂದಿರುಗಿದಾಗ, ಸದ್ದು ಕೇಳಿ ಬಂದ ಕೆಳಮನೆಯವರು ಬಾಗಿಲಲ್ಲಿ ನಿಂತಿದ್ದರು. ಒಳಗಿಂದ ಬಂದವನೊಬ್ಬ ಅವರಿಬ್ಬರೆದುರೇ ಹಾದು ಮೆಟ್ಟಿಲಿಳಿದು ಓಡಿದ. ಒಳಗೆ ವೃದ್ಧೆಯ ಹೆಣ.

ಪೊಲೀಸರು ಹಿಡಿದದ್ದು ಜರ್ಮನಿಯಿಂದ ಬಂದ ಯಹೂದಿ ಆಸ್ಕರ್ ಸ್ಲೇಟರನನ್ನು. ವಜ್ರದ ಬ್ರೂಚೊಂದರ ಒತ್ತೆಚೀಟಿಯನ್ನು ಮಾರಹೊರಟಿದ್ದನಂತೆ. ಆ ಬ್ರೂಚು ಕೊಲೆಗೆ ವಾರಗಳ ಮುಂಚೆಯೇ ಒತ್ತೆ ಬಿದ್ದಿತ್ತು; ವೃದ್ಧೆಯದೂ ಅಲ್ಲ. ಆದರೂ ಗಲ್ಲುಶಿಕ್ಷೆ; ಕೊನೆಗಳಿಗೆಯಲ್ಲಿ ಅದು ಜೀವಾವಧಿಯಾಯಿತು. ಪರಊರಲ್ಲಿ ಬಾಳುವ ನಮಗೆ ಇದು ಚುರುಕ್ಕೆನ್ನುತ್ತದೆ.

೧೯೧೨ರಲ್ಲಿ ಡಾಯ್ಲ್ ಕಿರುಹೊತ್ತಿಗೆಯೊಂದನ್ನು ಬರೆದರು. ಬೀಗ ಮುರಿಯದೆ ಆತ ಒಳಹೊಕ್ಕದ್ದು ಹೇಗೆ? ಕಣ್ಣೆದುರಿನ ಒಡವೆಗಳನ್ನು ಬಿಟ್ಟು ಕಾಗದದ ಪೆಟ್ಟಿಗೆ ಒಡೆದದ್ದೇಕೆ? ಉಯಿಲಿನಂಥ ಪತ್ರಕ್ಕಾಗಿ ಇರಬಹುದೆಂದು ಅವರ ಊಹೆ. ಒಳ್ಳೆಯ ಪ್ರಶ್ನೆಗಳೇ, ಸರಕಾರ ಕಿವಿಗೊಡಲಿಲ್ಲ. ಸ್ಲೇಟರ್ ಹೊರಬಂದದ್ದು ೧೯೨೭ರಲ್ಲಿ, ಹದಿನೆಂಟು ವರ್ಷ ಕಳೆದ ಮೇಲೆ. ಮರುವರ್ಷ ಶಿಕ್ಷೆ ರದ್ದಾಯಿತು, ಅದೂ ನ್ಯಾಯಾಧೀಶರು ಜೂರಿಗೆ ತಪ್ಪು ದಾರಿ ತೋರಿದರೆಂಬ ಕಾರಣಕ್ಕೆ.

ಅನಂತರದ ಹವ್ಯಾಸಿ ಪತ್ತೇದಾರರು ವೃದ್ಧೆಯ ಬಂಧುಗಳತ್ತ ಬೆರಳು ಮಾಡಿದರು. ರುಜುವಾತು ಯಾವುದಕ್ಕೂ ಇಲ್ಲ. ಸ್ಲೇಟರನನ್ನು ಸೆರೆಗೆ ತಳ್ಳಿದ್ದೂ ಇಂಥ ಊಹೆಯೇ ಅಲ್ಲವೇ? ಮೆಟ್ಟಿಲಿಳಿದು ಓಡಿದವನು ಯಾರೆಂದು ಇಂದಿಗೂ ಗೊತ್ತಾಗಿಲ್ಲ.