ಇಂಜಿನಿಯರಿಂಗ್ ಹುಡುಗ ಮೈದಾನಕ್ಕೆ ಬರ್ತಾನಾ?



ನೈರೋಬಿಯ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡ ಕಟ್ಟುವವರ ಪಾಡು ಬೇಡ! ಓದುವ ಹುಡುಗರನ್ನು ಮನೆಯವರು ಬಿಡುವುದಿಲ್ಲ, ಆಡುವ ಹುಡುಗರನ್ನು ಗೋರ್ ಮಾಹಿಯಾದಂಥ ಕ್ಲಬ್ಬುಗಳು ಬಿಡುವುದಿಲ್ಲ.

ಮೈಕಲ್ ಒಲುಂಗಾನನ್ನೇ ನೋಡಿ. ಇಲ್ಲಿನ ಟೆಕ್ನಿಕಲ್ ಯೂನಿವರ್ಸಿಟಿ ಆಫ್ ಕೆನ್ಯಾದಲ್ಲಿ ಜಿಯೋಸ್ಪೇಷಿಯಲ್ ಇಂಜಿನಿಯರಿಂಗ್ ಓದುತ್ತಲೇ ಕ್ಲಬ್ಬಿಗೆ ಆಡಿದ ಹುಡುಗ. 2015ರಲ್ಲಿ ಗೋರ್ ಮಾಹಿಯಾ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದಾಗ ತಂಡದಲ್ಲಿದ್ದ, 2016ರಲ್ಲಿ ಸ್ವೀಡನ್ನಿಗೆ ಹೊರಟ. 2019ರಲ್ಲಿ ಜಪಾನಿನ ಕಾಶಿವಾ ರೇಸೋಲ್ ಪರ ಒಂದೇ ಪಂದ್ಯದಲ್ಲಿ 8 ಗೋಲು (ಹೌದು, ಎಂಟು! ಸ್ಕೋರು 13-1). ಮರುವರ್ಷ 28 ಗೋಲು ಹೊಡೆದು ಅಲ್ಲಿನ ಲೀಗಿನ ಅತ್ಯುತ್ತಮ ಆಟಗಾರನಾದ. ಇಂಥವರ ಹೆಸರು ಕಾಲೇಜಿಗೆ ಸಿಕ್ಕೀತು, ಕಾಲು ಸಿಗುವುದಿಲ್ಲ.

ಓಟಗಾರರನ್ನಾದರೋ ಅಮೆರಿಕದ ಕಾಲೇಜುಗಳೇ ಕರೆದೊಯ್ದವು. ವಾಷಿಂಗ್ಟನ್ ಸ್ಟೇಟ್‌ನಲ್ಲಿ ಓದುತ್ತಿದ್ದ ಹೆನ್ರಿ ರೊನೊ 1978ರಲ್ಲಿ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಮುರಿದ. ಫುಟ್‌ಬಾಲಿಗೆ ಆ ಭಾಗ್ಯ ಅಷ್ಟಿಲ್ಲ.

ನಮ್ಮ ಮಕ್ಕಳ ವಿಷಯ ಕೇಳಲೇಬೇಡಿ. ಹನ್ನೆರಡನೆಯ ತರಗತಿ ಮುಗಿಯುವಷ್ಟರಲ್ಲಿ ಬೆಂಗಳೂರೋ ಲಂಡನ್ನೋ ಎಂದು ಸೂಟ್‌ಕೇಸ್ ಸಿದ್ಧ. ಉಳಿದವರು ಕ್ರಿಕೆಟ್ಟಿಗೆ.

ಸಂಜೆಯೇ ಲ್ಯಾಬ್ ಇಟ್ಟು "ಆಟಗಾರರೇ ಸಿಗೋದಿಲ್ಲ" ಎನ್ನುವ ಕಾಲೇಜುಗಳ ಬಗ್ಗೆ ನನಗಂತೂ ಕನಿಕರವಿಲ್ಲ. ಪಂದ್ಯದ ದಿನ ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಯಲು ಬಿಟ್ಟರೆ ಅರ್ಧ ತಂಡ ತಾನಾಗಿಯೇ ಬರುತ್ತದೆ. ನಾನು ಓದುವಾಗ ನಮ್ಮ ಗೋಲಿಗೆ ಹಾಜರಿ ಸಾಲದೆ ಒಂದು ಸೆಮಿಸ್ಟರೇ ಹೋಯಿತು. ಮರುವರ್ಷ ಅವನ ಗ್ಲೌಸ್ ಮುಟ್ಟುವವರೇ ಇರಲಿಲ್ಲ.