ನೀರಿನ ನೆಲೆಗಳಿಂದ ರಚಿತವಾದ ಒಂದು ಭೂದಾಖಲೆ

ಜಮೀನಿನ ಹಕ್ಕಿನ ವಿಷಯದಲ್ಲಿ ವ್ಯಾಜ್ಯವೊದಗಿದಾಗ ಪಹಣಿ, ಸರ್ವೆ ನಕ್ಷೆ, ಕ್ರಯಪತ್ರಗಳನ್ನು ಹಾಜರುಪಡಿಸುವ ಕ್ರಮವು ನಮ್ಮ ವಾಚಕ ಮಹಾಶಯರಿಗೆಲ್ಲ ತಿಳಿದುದೇ ಆಗಿದೆ. ಇವು ಯಾವುವೂ ಇಲ್ಲದ ಜನರು ಒಂದು ಚಿತ್ರಪಟವನ್ನು ಬರೆದು, ಅದನ್ನೇ ಸಾಕ್ಷ್ಯವಾಗಿ ಮುಂದಿಟ್ಟ ಸಂಗತಿಯನ್ನು ಇಲ್ಲಿ ನಿವೇದಿಸಲಪೇಕ್ಷಿಸುತ್ತೇನೆ. ಇದು ನಡೆದುದು ಆಸ್ಟ್ರೇಲಿಯಾ ಖಂಡದ ವಾಯವ್ಯ ಭಾಗದ ಗ್ರೇಟ್ ಸ್ಯಾಂಡಿ ಮರಳುಗಾಡಿನಲ್ಲಿ.

ಅಲ್ಲಿ ಮರಳಿನ ದಿಬ್ಬಗಳು ಸಾಲುಸಾಲಾಗಿ ಹಬ್ಬಿರುವುವು. ಮಳೆಯು ಅಲ್ಪ, ಅದೂ ನಿಯತವಲ್ಲ. ಆದಾಗ್ಯೂ ವಾಲ್ಮಜಾರಿ, ವಾಂಗ್ಕಜುಂಗ ಮುಂತಾದ ಭಾಷೆಗಳನ್ನಾಡುವ ಮೂಲನಿವಾಸಿಗಳು ತಲೆತಲಾಂತರದಿಂದ ಅಲ್ಲಿ ಬಾಳಿದರು; ನೀರೆಲ್ಲಿದೆಯೆಂಬುದನ್ನು ಅವರು ಬಲ್ಲವರಾಗಿದ್ದರು. ಮಳೆಯ ತರುವಾಯ ಕೆಲಕಾಲ ಮಾತ್ರ ನೀರು ದೊರೆಯುವ ಒರತೆಗೆ ‘ಜುಮು’ ಎಂದೂ, ಬತ್ತದೆ ನಿಲ್ಲುವ ಜೀವಜಲಕ್ಕೆ ‘ಜಿಲಾ’ ಎಂದೂ ಹೆಸರು. ಜಿಲಾದಲ್ಲಿ ಮಳೆಯನ್ನು ತರುವ ಸರ್ಪವು ವಾಸಿಸುವುದೆಂದು ಅವರ ನಂಬಿಕೆ. ಆದಕಾರಣ ಸಮೀಪಿಸುವವರು ದೂರದಿಂದಲೇ ಕೂಗಿ ತಮ್ಮ ಬರವನ್ನು ತಿಳಿಸಬೇಕು. ತುಂಬಿಕೊಂಡ ಮರಳನ್ನು ತೋಡಿ ಶುಚಿಗೊಳಿಸುವುದು ಆ ಸ್ಥಳಕ್ಕೆ ಸೇರಿದವರ ಕರ್ತವ್ಯ. ನಾಗನಿಗೂ ನೀರಿಗೂ ಸಂಬಂಧವನ್ನು ಹೇಳುವುದು ನಮ್ಮ ರೈತರಿಗೆ ವಿಚಿತ್ರವೆನಿಸದು.

1906ರಲ್ಲಿ ಆಲ್‌ಫ್ರೆಡ್ ಕ್ಯಾನಿಂಗ್ ಎಂಬ ಮೋಜಣಿದಾರನು ದನದ ಮಂದೆಗಳನ್ನು ಸಾಗಿಸುವ ಮಾರ್ಗಕ್ಕಾಗಿ ಇಲ್ಲಿಗೆ ಬಂದನು. ನೀರನ್ನು ತೋರಿಸುವಂತೆ ಮೂಲನಿವಾಸಿಗಳನ್ನು ಹಿಡಿದು ಸರಪಳಿಯಿಂದ ಬಂಧಿಸಲಾಯಿತು. 1908ರಲ್ಲಿ ವಿಚಾರಣಾ ಆಯೋಗವೊಂದು ಕುಳಿತು ಆತನನ್ನು ನಿರ್ದೋಷಿಯೆಂದಿತು. ಅದು ನ್ಯಾಯವೆಂದು ಒಪ್ಪುವುದು ಕಷ್ಟ. 1910ರೊಳಗೆ ಬಾವಿಗಳನ್ನು ತೋಡಿ ಮುಗಿಸಿದರು. ಅವುಗಳಲ್ಲಿ ಅನೇಕವು ಹಳೆಯ ಒರತೆಗಳ ಮೇಲೆಯೇ ನಿಂತವು. ಕ್ರಮೇಣ ಜನರು ಮರಳುಗಾಡನ್ನು ಬಿಟ್ಟು ಉತ್ತರದ ದನಗಾವಲು ಎಸ್ಟೇಟುಗಳಿಗೆ ಕೂಲಿಗೆ ಹೋದರು.

1993ರಲ್ಲಿ ಮೂಲನಿವಾಸಿಗಳ ಭೂಹಕ್ಕನ್ನು ಕುರಿತ ಕಾನೂನು ಅಂಗೀಕೃತವಾಯಿತು. ಹಕ್ಕನ್ನು ಕೋರಿದವರು ನೆಲದೊಡನೆ ತಮ್ಮ ಸಂಬಂಧವು ಮುರಿದಿಲ್ಲವೆಂದು ರುಜುವಾತುಪಡಿಸಬೇಕಾಗಿದ್ದಿತು. ಹಿರಿಯರಿಗೆ ಇಂಗ್ಲಿಷಿನಲ್ಲಿ ವಾದಿಸುವುದು ಸುಲಭವಾಗಿರಲಿಲ್ಲ. ಚಿತ್ರ ಬರೆಯಲು ಬಲ್ಲರು. 1997ರ ಮೇ ತಿಂಗಳಿನಲ್ಲಿ ಪಿರ್ನಿನಿ ಎಂಬಲ್ಲಿ ನಾಲ್ವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಪುರುಷರು ಕಲೆತು, ಸುಮಾರು 33 ಅಡಿ ಉದ್ದ, 26 ಅಡಿ ಅಗಲದ ಬಟ್ಟೆಯ ಮೇಲೆ ‘ನ್ಗುರಾರಾ’ ಪಟವನ್ನು ರಚಿಸಿದರು. ಆ ಶಬ್ದಕ್ಕೆ ತಮ್ಮ ನೆಲೆ ಎಂದು ಅರ್ಥ. ಒಬ್ಬೊಬ್ಬರೂ ತಮ್ಮ ತಮ್ಮ ಸೀಮೆಯನ್ನು ಮಾತ್ರ ಬರೆದರು; ನೆರೆಯವರ ಭಾಗಕ್ಕೆ ಕುಂಚವನ್ನು ಚಾಚಲಿಲ್ಲ. ನಮ್ಮ ಗ್ರಾಮನಕ್ಷೆಯಲ್ಲಿ ಮೊದಲು ಕಾಣುವುದು ಎಲ್ಲೆಕಲ್ಲು ಮತ್ತು ಸರ್ವೆ ನಂಬರು. ಈ ಪಟದಲ್ಲಿ ಮೊದಲು ಕಾಣುವುದು ನೀರು. ಉಳಿದ ಭೂಮಿಯೆಲ್ಲ ಅದನ್ನು ಸುತ್ತುವರಿದಿದೆ. ಒಣಭೂಮಿಯಲ್ಲಿ ಒಕ್ಕಲುತನವನ್ನು ಬಲ್ಲವರು ಇದನ್ನು ಅಶಾಸ್ತ್ರೀಯವೆಂದು ತಳ್ಳಿಹಾಕಲಾರರು.

ಬಳಿಕ ಭೂಹಕ್ಕಿನ ಮಂಡಲಿಯವರು ಅಲ್ಲಿಗೆ ಬಂದರು. ಪಟವನ್ನು ನೆಲದ ಮೇಲೆ ಹಾಸಿದ್ದರು. ಪ್ರತಿಯೊಬ್ಬ ಹಿರಿಯರೂ ಅದರಲ್ಲಿ ತಮ್ಮ ಜಾಗದ ಮೇಲೆ ನಿಂತು, ಸ್ವಭಾಷೆಯಲ್ಲಿ ಆ ನೀರಿನ ಹೆಸರನ್ನೂ ವೃತ್ತಾಂತವನ್ನೂ ಹೇಳಿದರು; ಅದನ್ನು ಭಾಷಾಂತರಿಸಲಾಯಿತು. ಸಾಕ್ಷಿಯು ತನ್ನ ಸಾಕ್ಷ್ಯದ ಮೇಲೆಯೇ ನಿಂತು ಮಾತನಾಡಿದ ಇಂತಹ ನಿದರ್ಶನ ವಿರಳ.

ಆದರೂ ಇತ್ಯರ್ಥವು ತಡವಾಯಿತು. 2007ರ ನವೆಂಬರಿನಲ್ಲಿ ಫೆಡರಲ್ ನ್ಯಾಯಾಲಯವು ಎಪ್ಪತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಪ್ರದೇಶದ ಹಕ್ಕನ್ನು ಮಾನ್ಯಮಾಡಿತು. ಪಟವನ್ನು ಬರೆದವರಲ್ಲಿ ಕೆಲವರು ಅಷ್ಟರೊಳಗೆ ತೀರಿಕೊಂಡಿದ್ದರು. ಹತ್ತು ವರ್ಷಗಳ ಈ ವಿಳಂಬವನ್ನು ಸಂಧಾನದ ಕೀರ್ತಿಯೊಡನೆಯೇ ಲೆಕ್ಕಕ್ಕೆ ಹಿಡಿಯಬೇಕು.

ಬದುಕಿದ್ದವರು ಚಿತ್ರ ಬರೆಯುವುದನ್ನು ಬಿಡಲಿಲ್ಲ. ಪಟದ ರಚನೆಯಲ್ಲಿ ಭಾಗಿಯಾಗಿದ್ದ ಜುಕುಜಾ ಡಾಲಿ ಸ್ನೆಲ್ ಎಂಬ ವೃದ್ಧೆಗೆ 2015ರಲ್ಲಿ ಆ ದೇಶದ ಮೂಲನಿವಾಸಿ ಕಲೆಗೆ ಮೀಸಲಾದ ರಾಷ್ಟ್ರೀಯ ಬಹುಮಾನವು ಲಭಿಸಿತು. ಆಕೆ ಬರೆದುದು ಕುರ್ಟಲ್ ಎಂಬ ಜಿಲಾದ ಚಿತ್ರವನ್ನು.